ಹದ ನೋಡುವ ಕೈ

ಆ ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಹದದಕ್ಕ ಎಂದೇ ಕರೆಯುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು, ಆದರೆ ಯಾರಾದರೂ ಅದನ್ನು ಕೂಗಿದರೆ ಅವಳೇ ಒಂದು ಗಳಿಗೆ ಯಾರನ್ನೋ ಕರೆಯುತ್ತಿದ್ದಾರೆ ಎಂದು ಹಿಂದೆ ತಿರುಗಿ ನೋಡುತ್ತಿದ್ದಳು. ಬೆನ್ನುಹುರಿಗೆ ಪೆಟ್ಟು ಬಿದ್ದು ಮೈ ಸ್ವಾಧೀನ ತಪ್ಪಿದವರನ್ನು ತಿಂಗಳುಗಟ್ಟಲೆ ಇಟ್ಟುಕೊಂಡು ನೋಡಿಕೊಳ್ಳುವ ಜಾಗ ಅದು. ಅಂಥವರಿಗೆ ಸ್ನಾನ ಮಾಡಿಸುವುದು ಅವಳ ಕೆಲಸ. ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ, ಅದೇ ಕೋಣೆ.

ಕೋಣೆ ಉದ್ದ ಕಾರಿಡಾರಿನ ಕೊನೆಗಿತ್ತು. ಮೊಣಕಾಲೆತ್ತರದವರೆಗೆ ಬಿಳಿ ಟೈಲು, ಅದರ ಮೇಲೆ ಹಸಿರು ಬಣ್ಣ. ಬಣ್ಣ ಹಬೆಗೆ ಉಬ್ಬಿ ಅಲ್ಲಲ್ಲಿ ಚಕ್ಕೆ ಎದ್ದಿತ್ತು. ಒಂದು ದೊಡ್ಡ ತೊಟ್ಟಿ, ಎರಡು ನಲ್ಲಿ, ಕೂರುವ ಕಡೆ ತೂತಿರುವ ಚಕ್ರದ ಕುರ್ಚಿ, ಕಾಲು ನೆನೆಸಲು ಒಂದು ನೀಲಿ ಬೇಸಿನ್. ಅವಳು ಎರಡೂ ನಲ್ಲಿ ತಿರುಗಿಸಿ, ತೊಟ್ಟಿಯಲ್ಲಿ ಕೈ ಆಡಿಸಿ, ಕಣ್ಣು ಅರ್ಧ ಮುಚ್ಚಿ ನಿಲ್ಲುತ್ತಿದ್ದಳು. ಒಂದಿಷ್ಟು ತಣ್ಣೀರು, ಇನ್ನೊಂದಿಷ್ಟು ಬಿಸಿ. ಆಮೇಲೆ "ಹಾಂ, ಹದ" ಎನ್ನುವಳು. ಆ ಮಾತು ಬಿದ್ದ ಮೇಲೆ ಯಾರೂ ಇನ್ನೊಮ್ಮೆ ನೀರು ಮುಟ್ಟಿ ನೋಡುತ್ತಿರಲಿಲ್ಲ. ವಾರ್ಡಿನ ಸಿಸ್ಟರ್ ಒಮ್ಮೆ ನೀರಿನ ಬಿಸಿ ಅಳೆಯುವ ಥರ್ಮಾಮೀಟರ್ ತಂದು ಮೊಳೆಗೆ ನೇತುಹಾಕಿದರು. ಹದದಕ್ಕ ಅದರ ಮೇಲೆ ಒದ್ದೆ ಟವೆಲ್ ಹಾಕಿದಳು. "ಅದಕ್ಕೇನು ಗೊತ್ತು ಸಿಸ್ಟರ್, ಗಾಜಿನ ಕಡ್ಡಿಗೆ?" ಎಂದಳು. ಸಿಸ್ಟರೂ ನಕ್ಕು ಸುಮ್ಮನಾದರು.

ಮನೆಯಲ್ಲಿ ಸೊಸೆ ಇದ್ದಳು, ಹೊಲಿಗೆ ಅಂಗಡಿಯಲ್ಲಿ ಗುಂಡಿ ಹಾಕುವವಳು. ಮಗ ಸರಕಿನ ಗಾಡಿ ಓಡಿಸುತ್ತಿದ್ದವನು ವಾರಕ್ಕೆ ಎರಡು ದಿನ ಮನೆಗೆ ಬಂದರೆ ಹೆಚ್ಚು. ಅತ್ತೆ ಸೊಸೆ ಇಬ್ಬರೇ ಎರಡು ಕೋಣೆಯಲ್ಲಿ ಹೊಂದಿಕೊಂಡು ಇದ್ದರು. ಸಂಜೆ ಹದದಕ್ಕ ಆಸ್ಪತ್ರೆಯ ಮಾತು ತರುವಳು. ಯಾರೋ ಒಬ್ಬಾಕೆ "ನಮ್ಮಮ್ಮನ ಕೈಯಲ್ಲೂ ಇಷ್ಟು ಹದವಾದ ನೀರು ಬಿದ್ದಿರಲಿಲ್ಲ" ಎಂದದ್ದನ್ನು ಒಂದೇ ವಾರದಲ್ಲಿ ಮೂರು ಸಲ ಹೇಳಿದ್ದಳು. ಮೂರನೆಯ ಸಲ ಸೊಸೆ, "ಆ ಹೆಂಗಸು ದಿನಾ ಹೇಳ್ತಾಳಾ ಅತ್ತೆ, ಇಲ್ಲಾ ಒಂದೇ ಸಲ ಹೇಳಿದ್ದಾ?" ಎಂದು ಕೇಳಿದಳು. ಹದದಕ್ಕನಿಗೆ ಸ್ವಲ್ಪ ಮುಜುಗರವಾಯಿತು. ಆದರೂ ಆ ಮಾತಿನ ಸವಿ ಬಿಡಲಿಲ್ಲ.

ಕೈ ಕೈಕೊಡಲು ಶುರುಮಾಡಿ ಎರಡು ವರ್ಷವಾಗಿತ್ತು. ಸಕ್ಕರೆ ಕಾಯಿಲೆ ಇದೆ ಎಂದು ಹೇಳಿದ್ದರು, ಮಾತ್ರೆ ಕೊಟ್ಟಿದ್ದರು. ಮೈ ಹಗುರಾದ ದಿನ ಮಾತ್ರೆ ಬಿಡುವುದು, ಭಾರವಾದ ದಿನ ನುಂಗುವುದು, ಹೀಗೆ ನಡೆಸಿಕೊಂಡು ಬಂದಳು. ಮೊದಲು ಪಾದ ಜುಮುಜುಮು ಎಂದವು, ಇರುವೆ ಸಾಲು ಹತ್ತಿದ ಹಾಗೆ. ಆಮೇಲೆ ಪಾದ ತನ್ನವೇ ಅಲ್ಲ ಎನ್ನುವಂತಾದವು. ಹೋಗಲಿ, ಪಾದದಿಂದ ಯಾರ ನೀರು ಕಾಯಿಸಬೇಕು ಎಂದುಕೊಂಡಳು. ಆದರೆ ಇರುವೆ ಸಾಲು ಬೆರಳ ತುದಿಗೂ ಬಂತು. ಅಂಗಿಯ ಗುಂಡಿ ಕಣ್ಣಿಂದ ನೋಡದೆ ಹಾಕಿಕೊಳ್ಳಲು ಆಗದಾಯಿತು. ಒಂದು ದಿನ ಒಲೆಯ ಮೇಲಿನ ಪಾತ್ರೆಯನ್ನು ಬಟ್ಟೆ ಇಲ್ಲದೆ ಹಿಡಿದು ಕೆಳಗಿಳಿಸಿದಳು. ಸೊಸೆ "ಅತ್ತೇ, ಕೈ!" ಎಂದು ಕಿರುಚಿದಾಗಲೇ ಅಂಗೈ ನೋಡಿಕೊಂಡದ್ದು. "ನಿಮ್ಮ ಕಾಲದ ಹುಡುಗಿಯರ ಕೈ ಅಲ್ಲ ಇದು, ಗಟ್ಟಿ ಕೈ" ಎಂದು ನಕ್ಕಳು. ಸೊಸೆ ನಗಲಿಲ್ಲ.

ಆಸ್ಪತ್ರೆಯಲ್ಲಿ ಯಾರಿಗೂ ಹೇಳಲಿಲ್ಲ. ಕೆಲಸ ಹೋಗುತ್ತದೆಂಬ ಭಯವೊಂದೇ ಅಲ್ಲ. ಹದದಕ್ಕನಿಗೆ ಹದ ತಿಳಿಯುವುದಿಲ್ಲ ಎಂದು ಬಾಯಿಬಿಟ್ಟು ಹೇಳುವುದಾದರೂ ಹೇಗೆ? ಅದು ತನ್ನ ಬಟ್ಟೆಯನ್ನು ತಾನೇ ನಡುಬೀದಿಯಲ್ಲಿ ಬಿಚ್ಚಿದ ಹಾಗೆ. ಅವಳು ಉಪಾಯ ಹುಡುಕಿಕೊಂಡಳು. ಮರಗಟ್ಟಿದ್ದು ಮಣಿಕಟ್ಟಿನವರೆಗೆ ಮಾತ್ರ, ಮೊಣಕೈಗೆ ಇನ್ನೂ ಜೀವವಿತ್ತು. ತೊಟ್ಟಿಯಲ್ಲಿ ತೋಳು ಪೂರ್ತಿ ಇಳಿಸಿ ಮೊಣಕೈಯಿಂದ ನೋಡುತ್ತಿದ್ದಳು. ಸಾಲದ್ದಕ್ಕೆ ರೋಗಿಯ ಹೆಗಲಿಗೋ ಅಂಗೈಗೋ, ಎಲ್ಲಿ ಸ್ಪರ್ಶ ಉಳಿದಿದೆಯೋ ಅಲ್ಲಿ, ಒಂದು ಬೊಗಸೆ ಚಿಮುಕಿಸಿ "ಸರಿ ಇದೆಯಾ?" ಎಂದು ಕೇಳುತ್ತಿದ್ದಳು. ಅವರು ಅದನ್ನು ಅಕ್ಕರೆ ಎಂದುಕೊಂಡರು. ತಾನು ಅವರ ಚರ್ಮವನ್ನು ಬೇಡಿಕೊಂಡು ಬದುಕುತ್ತಿದ್ದೇನೆ ಎಂದು ಅವಳಿಗೊಬ್ಬಳಿಗೆ ಗೊತ್ತಿತ್ತು.

ಆರು ತಿಂಗಳಿಗೊಮ್ಮೆ ಡಾಕ್ಟರು ಕೆಲಸದವರನ್ನೆಲ್ಲ ಒಂದೆಡೆ ಕೂರಿಸಿ ಪಾಠ ಹೇಳುತ್ತಿದ್ದರು. ಡಾಕ್ಟರಿಗೆ ಇನ್ನೂ ನಲವತ್ತಾಗಿರಲಿಲ್ಲ, ಮಾತು ಮಾತ್ರ ತಾತನ ಮಾತಿನಷ್ಟು ನಿಧಾನ. ಹದದಕ್ಕ ಓದಿದ್ದು ನಾಲ್ಕು ತರಗತಿ, ಕೇಳಿದ್ದನ್ನು ಮಾತ್ರ ಬಿಡುತ್ತಿರಲಿಲ್ಲ.

"ಬೆನ್ನುಹುರಿ ಮುರಿದ ಜಾಗದಿಂದ ಕೆಳಗಿನ ನರ ಸತ್ತುಹೋಗಿದೆ ಅಂತ ತಿಳ್ಕೋಬೇಡಿ" ಎಂದಿದ್ದರು. "ಅವು ಬದುಕಿವೆ. ಸುದ್ದಿ ಮೇಲೆ ಹೋಗಲ್ಲ, ಅಷ್ಟೇ. ಕಾಲಲ್ಲಿ ಮುಳ್ಳು ಚುಚ್ಚಿದ್ರೂ, ಮೂತ್ರದ ಚೀಲ ತುಂಬಿದ್ರೂ ಕೆಳಗಿನ ನರ ಗಾಬರಿ ಬಿದ್ದು ಅಲ್ಲಿನ ರಕ್ತನಾಳಗಳನ್ನ ಹಿಂಡುತ್ತೆ. ನಿಮಗೆ ನನಗೆ ಆದ್ರೆ ಮೇಲಿಂದ ಮೆದುಳು 'ಸಾಕು ಬಿಡು' ಅನ್ನುತ್ತೆ. ಇವರಲ್ಲಿ ಆ ಮಾತು ಕೆಳಗೆ ಇಳಿಯಲ್ಲ. ಹಿಂಡಿದ ರಕ್ತ ಎಲ್ಲಿಗೆ ಹೋಗ್ಬೇಕು? ಮೇಲಕ್ಕೆ ನುಗ್ಗುತ್ತೆ. ಒತ್ತಡ ಏರುತ್ತೆ. ತಲೆ ಸಿಡಿಯುತ್ತೆ, ಮುಖ ಕೆಂಪಾಗುತ್ತೆ, ಬೆವರು ಕಿತ್ಕೊಂಡು ಬರುತ್ತೆ. ಹೃದಯ ನಿಧಾನ ಹೊಡ್ಕೊಂಡು ಅದನ್ನ ತಗ್ಗಿಸೋಕೆ ನೋಡುತ್ತೆ, ಆಗಲ್ಲ. ಹಾಗೇ ಬಿಟ್ರೆ ಮೆದುಳಲ್ಲಿ ನಾಳ ಒಡೆದು ಪ್ರಾಣ ಹೋಗ್ಬಹುದು."

"ಹಾಗಾದ್ರೆ ನಾವೇನು ಮಾಡ್ಬೇಕು ಡಾಕ್ಟ್ರೇ?" ಎಂದು ಕೇಳಿದವಳು ಹದದಕ್ಕನೇ.

"ನೆಟ್ಟಗೆ ಕೂರಿಸಿ. ಆಮೇಲೆ ಕಾರಣ ಹುಡುಕಿ. ಕಾರಣ ಸಿಗೋವರೆಗೂ ಬಿಡಬೇಡಿ. ಕಾರಣ ತೆಗೆದ್ರೆ ಒತ್ತಡ ಇಳಿಯುತ್ತೆ."

ಆ ದಿನ ಉಗುರು ಕತ್ತರಿಸುವ ದಿನ. ಪೇಂಟರನ್ನು ಕುರ್ಚಿಯಲ್ಲಿ ಕೂರಿಸಿಕೊಂಡು ಬಂದಿದ್ದಳು. ಅಂಗಡಿಗಳ ಬೋರ್ಡು ಬರೆಯುತ್ತಿದ್ದವನು ಅವನು, ಐವತ್ತು ದಾಟಿದವನು. ಏಣಿಯಿಂದ ಬಿದ್ದು ಎದೆಯ ಮೇಲ್ಭಾಗದಲ್ಲಿ ಬೆನ್ನುಹುರಿಗೆ ಪೆಟ್ಟಾಗಿತ್ತು. ತೋಳು ಚೆನ್ನಾಗಿ ಆಡುತ್ತಿದ್ದವು, ನಾಲಿಗೆ ಅದಕ್ಕಿಂತ ಚೆನ್ನಾಗಿ. ಎದೆಯಿಂದ ಕೆಳಗೆ ಏನೂ ತಿಳಿಯುತ್ತಿರಲಿಲ್ಲ. ಯಾರು ಹೊಸಬರು ಸಿಕ್ಕಿದರೂ ಮೊದಲು ಅದನ್ನೇ ಹೇಳುವನು: "ನೋಡಿ, ಇಲ್ಲಿಂದ ಕೆಳಗೆ ನನಗೆ ಗೊತ್ತಾಗಲ್ಲ. ನೀವೇ ನೋಡ್ಕೋಬೇಕು."

ಹದದಕ್ಕ ನೀಲಿ ಬೇಸಿನ್ ನಲ್ಲಿಯ ಕೆಳಗಿಟ್ಟಾಗ ಬಾಯ್ಲರ್ ನೋಡಿಕೊಳ್ಳುವವನು ಬಾಗಿಲಲ್ಲಿ ಬಂದು ನಿಂತ. ಕೈಗೆಲ್ಲ ಮಸಿ, ಹೆಗಲ ಮೇಲೆ ನಟ್ಟು ಬಿಗಿಯುವ ಪಾನಾ. ಹದಿನೈದು ವರ್ಷದಿಂದ ಬೆಳಗಿನ ಚಹಾ ಅವನು, ಅವಳು ಒಟ್ಟಿಗೇ ಹೀರುತ್ತಿದ್ದರು.

"ಅಕ್ಕಾ, ಇವತ್ತು ಹುಷಾರು. ಬಾಯ್ಲರಿಗೆ ಹೊಸ ಸುರುಳಿ ಹಾಕಿದೀನಿ. ಇನ್ನೂ ಹೊಂದಿಸಿಲ್ಲ, ನೀರು ಕೊತಕೊತ ಅಂತಿದೆ. ತಣ್ಣೀರು ಜಾಸ್ತಿ ಬಿಡು."

"ನನಗೇ ಹೇಳಿಕೊಡ್ತೀಯಾ? ನೀನು ಹುಟ್ಟೋಕೆ ಮುಂಚೆಯಿಂದ ನೀರು ಕಾಯಿಸ್ತಿದೀನಿ."

"ಹಾಗಾದ್ರೆ ನನಗೆ ಮೊದಲ ಸ್ನಾನ ಮಾಡಿಸಿದ್ದೂ ನೀನೇ ಇರ್ಬೇಕು."

"ಅದಕ್ಕೇ ಇವನು ಅರ್ಧ ಬೆಂದ ಹಾಗೆ ಇರೋದು!" ಎಂದ ಪೇಂಟರ್. ಮೂವರೂ ನಕ್ಕರು.

ಬಾಯ್ಲರಿನವನು ಹೋಗಲಿಲ್ಲ. ತನ್ನ ಹೊಸ ಸುರುಳಿಯ ಪ್ರತಾಪ ನೋಡಲು ಬಾಗಿಲಿಗೆ ಒರಗಿ ನಿಂತ. ಅದೇ ತೊಡಕಾಯಿತು. ಬೇಸಿನ್ ಆಳವಿಲ್ಲದ್ದು, ಮಣಿಕಟ್ಟು ಮುಳುಗುವಷ್ಟೇ ನೀರು. ಮೊಣಕೈ ಅದ್ದಬೇಕಾದರೆ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಕೊಕ್ಕರೆಯ ಹಾಗೆ ಬಾಗಬೇಕು. ಪೇಂಟರನ ಅಂಗೈಗೆ ಚಿಮುಕಿಸಿ ಕೇಳಬಹುದಿತ್ತು. ಆದರೆ ಈಗಷ್ಟೇ ಬಡಾಯಿ ಕೊಚ್ಚಿದವಳು, ಇಬ್ಬರು ಗಂಡಸರ ಮುಂದೆ, ರೋಗಿಯ ಕೈ ಹಿಡಿದು ಬಿಸಿಯೋ ತಣ್ಣಗೋ ಎಂದು ಕೇಳುವುದೇ? ನಾಚಿಕೆ ಬಿಡಲಿಲ್ಲ. ಕೈಯನ್ನು ಮಣಿಕಟ್ಟಿನವರೆಗೆ ಅದ್ದಿ ಎರಡು ಸುತ್ತು ಆಡಿಸಿದಳು. ಏನೂ ತಿಳಿಯಲಿಲ್ಲ, ಹತ್ತಿಯಲ್ಲಿ ಕೈ ಇಟ್ಟ ಹಾಗಿತ್ತು. ಇನ್ನೊಂದಿಷ್ಟು ತಣ್ಣೀರು ಬಿಟ್ಟು, ಅಂದಾಜಿನ ಮೇಲೆ "ಹಾಂ, ಹದ" ಎಂದಳು.

ಬಾಯ್ಲರಿನವನು ಹೊರಟುಹೋದ. ಅವಳು ಪೇಂಟರನ ಎರಡೂ ಪಾದ ಎತ್ತಿ ಬೇಸಿನ್ನಿನಲ್ಲಿ ಇಳಿಸಿದಳು. ಉಗುರು ಕತ್ತರಿ ತರಲು ಕಪಾಟಿಗೆ ಹೋದಳು. ಹುಡುಕಿದ್ದು ನಾಲ್ಕೈದು ನಿಮಿಷವಿರಬಹುದು. ಪೇಂಟರ್ ಯಾವುದೋ ಬೋರ್ಡಿನ ಕಥೆ ಹೇಳುತ್ತಿದ್ದ. ಅಂಗಡಿಯವನು ಅಕ್ಷರ ದಪ್ಪ ಬೇಕು ಎಂದನಂತೆ, ಇವನು ದಪ್ಪ ಬರೆದದ್ದಕ್ಕೆ ಕೊನೆಯ ಅಕ್ಷರ ಪಕ್ಕದ ಅಂಗಡಿಯ ಗೋಡೆಗೆ ಹೋಯಿತಂತೆ. ಕಥೆ ನಡುವೆ ನಿಂತುಹೋಯಿತು.

"ಅಕ್ಕಾ. ತಲೆ..."

ತಿರುಗಿ ನೋಡಿದಳು. ಅವನ ಮುಖ, ಕತ್ತು ಕೆಂಡದ ಬಣ್ಣಕ್ಕೆ ತಿರುಗಿದ್ದವು. ಹಣೆಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ತೊಡೆಯ ಮೇಲಿನ ಕೂದಲು ಮಾತ್ರ ಚಳಿಗೆ ನಿಂತ ಹಾಗೆ ನೆಟ್ಟಗೆ ನಿಂತಿದ್ದವು.

"ಯಾರೋ ಸುತ್ತಿಗೆಯಲ್ಲಿ ಹೊಡೀತಿದಾರೆ ಅಕ್ಕಾ ತಲೆಗೆ. ಕಣ್ಣು ಮಂಜಾಯ್ತು."

ಪಾಠದಲ್ಲಿ ಕೇಳಿದ್ದೆಲ್ಲ ಒಂದೇ ಸಲಕ್ಕೆ ಎದುರಿಗೆ ಬಂತು. "ಸಿಸ್ಟರ್!" ಎಂದು ಕೂಗಿದಳು. ಕೂಗಿ, ಅವನ ಪಾದ ಬೇಸಿನ್ನಿನಿಂದ ಹೊರತೆಗೆದಳು. ತೆಗೆದವಳು ನೋಡಿದಳು. ಕಣಕಾಲಿನವರೆಗೂ ಕಾಲುಚೀಲ ಹಾಕಿದ ಹಾಗೆ ಕೆಂಪು. ಕಾರಿಡಾರಿನಲ್ಲಿ ಓಡಿಬರುವ ಹೆಜ್ಜೆ ಸದ್ದು ಕೇಳಿಸಿತು.

ಮುಂದೆ ಮಾಡಿದ್ದನ್ನು ನೆನೆದರೆ ಅವಳಿಗೆ ಇಂದಿಗೂ ಅನ್ನ ಇಳಿಯುವುದಿಲ್ಲ. ಹೆಗಲ ಮೇಲಿದ್ದ ಟವೆಲ್ ತೆಗೆದು ಆ ಎರಡು ಪಾದಗಳ ಮೇಲೆ ಹೊದಿಸಿದಳು. ಒರೆಸುವುದಕ್ಕಲ್ಲ, ಮುಚ್ಚುವುದಕ್ಕೆ.

ಸಿಸ್ಟರ್ ಬಂದವರೇ ಅವನನ್ನು ನೆಟ್ಟಗೆ ಕೂರಿಸಿ ತೋಳಿಗೆ ಒತ್ತಡ ಅಳೆಯುವ ಪಟ್ಟಿ ಸುತ್ತಿದರು. "ಇನ್ನೂರ ಹತ್ತು. ನಾಡಿ ನಲವತ್ತೆಂಟು. ಡಾಕ್ಟರನ್ನ ಕರೀರಿ!" ಎಂದು ಹೊರಗಿನವರಿಗೆ ಕೂಗಿದರು. ಮೂತ್ರದ ನಳಿಕೆ ಮಡಚಿದೆಯೇ ಎಂದು ಉದ್ದಕ್ಕೂ ಬೆರಳಾಡಿಸಿದರು. ಮಡಚಿರಲಿಲ್ಲ. ಚೀಲ ನೋಡಿದರು, ಹರಿಯುತ್ತಿತ್ತು. ಸೊಂಟದ ಪಟ್ಟಿ ಸಡಿಲಿಸಿದರು. ಹೊಟ್ಟೆ ಒತ್ತಿ ನೋಡಿದರು.

"ಬೆಳಿಗ್ಗೆ ಮಲ ಆಗಿತ್ತಾ?"

"ಆಗಿತ್ತು ಸಿಸ್ಟರ್" ಎಂದಳು ಹದದಕ್ಕ.

"ಮತ್ತೆ ಏನಿದು? ಏನು ಚುಚ್ಚುತಿದೆ? ಇನ್ನೂರ ಇಪ್ಪತ್ತಾಯ್ತು!"

ಪೇಂಟರ್ ಹಲ್ಲು ಕಚ್ಚಿ ನರಳುತ್ತಿದ್ದ. ಹದದಕ್ಕನ ಎದೆ ಬಾಯಿಗೆ ಬಂದಂತೆ ಬಡಿಯುತ್ತಿತ್ತು, ಬಾಯಿ ಒಣಗಿ ನಾಲಿಗೆ ಅಂಗುಳಿಗೆ ಅಂಟಿತ್ತು, ಕಿವಿ ಉರಿಯುತ್ತಿತ್ತು. ಮೈಯೊಳಗಿನ ಸುದ್ದಿಯೆಲ್ಲ ಎಲ್ಲ ಕಡೆಗೂ ಸರಿಯಾಗಿ ಹೋಗುತ್ತಿತ್ತು. ಕಾರಣ ಅವಳ ಮೊಣಕಾಲ ಮುಂದೆ, ಟವೆಲ್ಲಿನ ಕೆಳಗೆ ಇತ್ತು. ಹೇಳಲು ಎರಡು ಪದ ಸಾಕಿತ್ತು. ಸಿಸ್ಟರ್ ಎರಡನೆಯ ಸಲ ನಳಿಕೆಗೆ ಕೈ ಹಾಕಿದಾಗ ಪೇಂಟರನ ತಲೆ ಪಕ್ಕಕ್ಕೆ ವಾಲಿತು.

"ಕಾಲು ನೋಡಿ ಸಿಸ್ಟರ್" ಎಂದಳು.

ಸಿಸ್ಟರ್ ಟವೆಲ್ ಎತ್ತಿ ನೋಡಿದರು. ಕೂಡಲೇ ತಣ್ಣೀರು ನಲ್ಲಿ ಪೂರ್ತಿ ತಿರುಗಿಸಿ ಪಾದಗಳನ್ನು ಅದರ ಕೆಳಗೆ ಹಿಡಿದರು. ಡಾಕ್ಟರು ಬಂದು ನಾಲಿಗೆಯ ಕೆಳಗೆ ಔಷಧಿ ಹಾಕಿದರು. ನೂರ ತೊಂಬತ್ತು. ನೂರ ಅರವತ್ತು. ಮುಖದ ಕೆಂಪು ನಿಧಾನವಾಗಿ ಇಳಿಯಿತು. ಪಾದದ್ದು ಇಳಿಯಲಿಲ್ಲ. ಎಡ ಹೆಬ್ಬೆರಳ ಬುಡದಲ್ಲಿ ಗುಳ್ಳೆ ಏಳತೊಡಗಿತ್ತು.

"ನೀರು ನೋಡ್ಲಿಲ್ವಾ ನೀನು?" ಎಂದರು ಸಿಸ್ಟರ್.

"ನೋಡ್ದೆ. ಕೈ ಹಾಕಿ ನೋಡ್ದೆ, ಹದವಾಗೇ ಇತ್ತು. ನಲ್ಲಿ ಬಿಟ್ಟೇ ಇದ್ದೆ, ಬಾಯ್ಲರಿಂದ ಆಮೇಲೆ ಬಿಸಿ ನುಗ್ಗಿರ್ಬೇಕು."

"ಬಾಯ್ಲರ್ ಏನಾಗಿದೆ? ನಿನಗೆ ಏನಾದ್ರೂ ಹೇಳಿದ್ನಾ ಅವನು?"

"ನನಗೆ ಯಾರೂ ಏನೂ ಹೇಳ್ಲಿಲ್ಲ ಸಿಸ್ಟರ್."

ನಾಲಿಗೆಗೆ ಎಷ್ಟು ಸಲೀಸಾಗಿ ಬಂತು ಆ ಮಾತು! ಇಪ್ಪತ್ತೆರಡು ವರ್ಷ ಅವಳು ಹೇಳಿದ್ದನ್ನು ಯಾರೂ ಇನ್ನೊಮ್ಮೆ ಮುಟ್ಟಿ ನೋಡಿರಲಿಲ್ಲ. ಇದನ್ನೂ ನೋಡಲಿಲ್ಲ.

ಸಂಜೆ ಮನೆಯಲ್ಲಿ ಸೊಸೆ ಅವಳ ಬಲಗೈ ಹಿಡಿದು ದೀಪದ ಕೆಳಗೆ ತಿರುಗಿಸಿದಳು. ಗೆಣ್ಣುಗಳ ಮೇಲೆ ಚರ್ಮ ಕೆಂಪಾಗಿ ಹೊಳೆಯುತ್ತಿತ್ತು, ಮಣಿಕಟ್ಟಿನ ಹತ್ತಿರ ಗೆರೆ ಎಳೆದ ಹಾಗೆ ನಿಂತಿತ್ತು.

"ಮತ್ತೆ ಸುಟ್ಕೊಂಡ್ರಾ?"

"ಬಿಸಿನೀರು ತಾಗ್ತು."

"ತಾಗ್ದಾಗ ಕೈ ಎಳ್ಕೊಳ್ಲಿಲ್ವಾ?"

ಸೊಸೆ ಮುಲಾಮು ಹಚ್ಚಿದಳು. ಅವಳ ಬೆರಳು ತನ್ನ ಬೆರಳಿನ ಮೇಲೆ ಓಡಾಡುವುದನ್ನು ಹದದಕ್ಕ ಕಣ್ಣಿನಿಂದ ನೋಡಿದಳು, ಅಷ್ಟೇ. "ಆಸ್ಪತ್ರೆಯಲ್ಲಿ ಹೇಳಿ ಅತ್ತೆ" ಎಂದಳು ಸೊಸೆ, ಮೆಲ್ಲಗೆ. "ನಾನು ಅವತ್ತೇ ಹೇಳ್ಬೇಕು ಅಂತಿದ್ದೆ. ನೀವು ನಕ್ಕುಬಿಟ್ರಿ. ಅತ್ತೆ ನಗುವಾಗ ಹೇಗೆ ಹೇಳೋದು ಅಂತ ಸುಮ್ಮನಾದೆ." ಹದದಕ್ಕ ಗೋಡೆಯ ಕಡೆಗೆ ತಿರುಗಿ ಮಲಗಿದಳು.

ಮರುದಿನ ಬೆಳಿಗ್ಗೆ ಚಹಾಕ್ಕೆ ಬಾಯ್ಲರಿನವನು ಬರಲಿಲ್ಲ. ಅವನನ್ನು ಹತ್ತು ಗಂಟೆಗೆ ಆಫೀಸಿಗೆ ಬರಹೇಳಿದ್ದಾರೆ, ಬೆಂಕಿಯಂಥ ನೀರು ಬಿಟ್ಟು ಯಾರಿಗೂ ಹೇಳದೆ ಹೋದದ್ದಕ್ಕೆ ಕೆಲಸದಿಂದ ತೆಗೆಯುತ್ತಾರಂತೆ ಎಂದು ಅಡುಗೆಮನೆಯವರು ಮಾತಾಡಿಕೊಳ್ಳುತ್ತಿದ್ದರು. ಅವಳನ್ನು ಕಂಡು "ಪಾಪ ಅಕ್ಕ, ನಿನ್ನ ಹೆಸರಿಗೆ ಮಸಿ ಬಳಿಯೋಕೆ ನೋಡಿದ" ಎಂದರು. ಅವಳು ಲೋಟ ಹಾಗೇ ಇಟ್ಟು ಎದ್ದಳು.

ಪೇಂಟರನ ಹಾಸಿಗೆಗೆ ಹೋಗದೆ ಇರಲು ಆಗಲಿಲ್ಲ. ಹೊದಿಕೆ ಬದಲಿಸುವ ಸರದಿ ಅವಳದೇ. ಅವನ ಪಾದಗಳಿಗೆ ಬಿಳಿ ಪಟ್ಟಿ ಸುತ್ತಿತ್ತು. ಅವನು ಸೂರು ನೋಡುತ್ತಿದ್ದ.

"ಕೈ ತೋರ್ಸು" ಎಂದ.

ಅವಳು ಬಲಗೈಯನ್ನು ಬಟ್ಟೆಯ ಮಡಿಕೆಯೊಳಗೆ ಇಟ್ಟುಕೊಂಡಿದ್ದಳು.

"ತೋರ್ಸು ಅಂದೆ."

ತೋರಿಸಿದಳು. ಅವನು ತನ್ನ ಕೈಯಿಂದ ಅವಳ ಮಣಿಕಟ್ಟು ಹಿಡಿದು, ಹೊಸ ಬೋರ್ಡಿನ ಬಣ್ಣ ಪರೀಕ್ಷಿಸುವ ಹಾಗೆ ಬೆಳಕಿಗೆ ಒಡ್ಡಿದ. "ಬಾಯ್ಲರಿನವನು ಹೇಳಿದ್ದು ನನ್ನ ಕಿವಿಗೂ ಬಿದ್ದಿತ್ತು ಅಕ್ಕ. ನೀನು ಕೈ ಅದ್ದಿದ್ದನ್ನೂ ನೋಡಿದೆ. ಸುಡೋ ನೀರಲ್ಲಿ ಕೈ ಅದ್ದಿ ಹದ ಅಂದೆ. ರಾತ್ರಿ ಪೂರ್ತಿ ಯೋಚ್ನೆ ಮಾಡ್ದೆ, ಇವಳಿಗೆ ನನ್ನ ಮೇಲೇನು ದ್ವೇಷ ಅಂತ. ದ್ವೇಷ ಅಲ್ಲ. ನಿನಗೂ ಗೊತ್ತಾಗಲ್ಲ, ಅಲ್ವಾ?"

ಅವಳ ತಲೆ ತಗ್ಗಿತು.

"ಎಷ್ಟು ದಿನದಿಂದ?"

"ಎರಡು ವರ್ಷ."

"ಎರಡು ವರ್ಷ!" ಅವನು ಅವಳ ಕೈ ಬಿಟ್ಟುಬಿಟ್ಟ. "ನೋಡು, ನಾನು ಕಂಡೋರಿಗೆಲ್ಲ ಹೇಳ್ಕೊಂಡು ಬರ್ತೀನಿ. ಸ್ವಾಮಿ, ನನಗೆ ಗೊತ್ತಾಗಲ್ಲ, ಸ್ವಲ್ಪ ನೋಡ್ಕೊಳ್ಳಿ ಅಂತ. ಊರಿಗೇ ಬೋರ್ಡು ಬರೆದವನು ಎದೆ ಮೇಲೆ ಇದೊಂದು ಬೋರ್ಡು ಹಾಕ್ಕೊಂಡು ಕೂತಿದೀನಿ. ನನಗೆ ನಾಚಿಕೆ ಆಗಲ್ವಾ? ಸಣ್ಣ ಮಗುಗೆ ಹಾಕೋ ಹಾಗೆ ಬಟ್ಟೆ ಕಟ್ತೀರಿ ನನಗೆ. ಆದ್ರೂ ಹೇಳ್ತೀನಿ. ಹೇಳದಿದ್ರೆ ಸಾಯ್ತೀನಿ. ನೀನು ಬಾಯಿ ಮುಚ್ಕೊಂಡಿದ್ದೆ. ನಿನ್ನ ನಾಚಿಕೆಗೆ ನನ್ನ ಕಾಲು ಬೆಂತು."

"ತಪ್ಪಾಯ್ತು" ಎಂದಳು. ಸ್ವರ ಅವಳಿಗೇ ಕೇಳಿಸಲಿಲ್ಲ.

"ನನ್ನ ಹತ್ರ ಹೇಳ್ತೀಯಾ? ಅವನು ಆಫೀಸಲ್ಲಿ ನಿಂತಿದಾನೆ. ಗಡಿಯಾರ ನೋಡು."

ಹತ್ತು ದಾಟಿ ಎಂಟು ನಿಮಿಷವಾಗಿತ್ತು.

ಆಫೀಸಿನಲ್ಲಿ ಮೇಲ್ವಿಚಾರಕರು ಮೇಜಿನ ಹಿಂದೆ ಕೂತಿದ್ದರು, ಡಾಕ್ಟರು ಕಿಟಕಿಯ ಹತ್ತಿರ, ಸಿಸ್ಟರ್ ಬಾಗಿಲಿನ ಪಕ್ಕ. ಬಾಯ್ಲರಿನವನು ನಡುವೆ ನಿಂತಿದ್ದ. ಅವತ್ತು ಕೈಯನ್ನು ಉಜ್ಜಿ ಉಜ್ಜಿ ತೊಳೆದುಕೊಂಡು ಬಂದಿದ್ದ, ಉಗುರಿನ ಸಂದಿನಲ್ಲಿ ಮಾತ್ರ ಮಸಿ ಉಳಿದಿತ್ತು. "ನಾನು ಹೇಳಿದ್ದೆ ಸಾರ್. ಅಕ್ಕನಿಗೆ ಹೇಳಿದ್ದೆ. ಅವಳೇ ಮರೆತಿರ್ಬೇಕು, ಕೇಳಿ ನೋಡಿ, ಅಕ್ಕ ಸುಳ್ಳು ಹೇಳೋಳಲ್ಲ" ಎನ್ನುತ್ತಿದ್ದ. ಹದದಕ್ಕ ಒಳಗೆ ಬಂದದ್ದು ಆ ಮಾತಿನ ಮೇಲೆ.

ನಿಂತ ನೆಲ ಬಾಯಿಬಿಟ್ಟಿದ್ದರೆ ಇಳಿದುಬಿಡುತ್ತಿದ್ದಳು. ಬಿಡಲಿಲ್ಲ. "ಅವನು ಹೇಳಿದ್ದ" ಎಂದಳು. "ಬಾಗಿಲಲ್ಲಿ ನಿಂತು ಹೇಳಿದ್ದ. ನಾನೇ ಸುಳ್ಳು ಹೇಳ್ದೆ. ನನಗೆ ಕೈಯಲ್ಲಿ ಬಿಸಿ ಗೊತ್ತಾಗಲ್ಲ. ಎರಡು ವರ್ಷದಿಂದ ಗೊತ್ತಾಗ್ತಿಲ್ಲ. ಕಾಲು ಕೆಂಪಾಗಿದ್ದು ನೋಡಿ ಟವೆಲ್ ಮುಚ್ಚಿದವಳೂ ನಾನೇ."

ಸಿಸ್ಟರ್ "ಅಯ್ಯೋ" ಎಂದು ಬಾಯಿಗೆ ಕೈ ಇಟ್ಟುಕೊಂಡರು. ಟವೆಲ್ ತಾನಾಗಿ ಬಿದ್ದಿತ್ತು ಎಂದೇ ಅವರು ಅಂದುಕೊಂಡಿದ್ದರು. ಬಾಯ್ಲರಿನವನು ಅವಳ ಮುಖ ನೋಡಿದ. ಅವಳು ತಲೆ ಎತ್ತಲಿಲ್ಲ. "ಹದಿನೈದು ವರ್ಷ ಅಕ್ಕಾ" ಎಂದ. ಆಮೇಲೆ ಮೇಲ್ವಿಚಾರಕರ ಕಡೆ ತಿರುಗಿ, "ನಾನು ಹೋಗ್ಲಾ ಸಾರ್? ಬಾಯ್ಲರ್ ಹೊಂದಿಸೋದಿದೆ" ಎಂದು ಕೇಳಿ ಹೊರಟುಹೋದ.

ಡಾಕ್ಟರು ಅವಳನ್ನು ಅಲ್ಲೇ ಕುರ್ಚಿಯಲ್ಲಿ ಕೂರಿಸಿದರು. "ಕಣ್ಣು ಮುಚ್ಚಿ. ಹತ್ತಿಯಲ್ಲಿ ಮುಟ್ತೀನಿ. ಮುಟ್ಟಿದಾಗ ಹೂಂ ಅನ್ನಿ."

ಕಣ್ಣು ಮುಚ್ಚಿದಳು. ಗಡಿಯಾರದ ಸದ್ದು, ಸಿಸ್ಟರ್ ಉಸಿರಾಡುವ ಸದ್ದು. ಕಾದಳು. ಇಷ್ಟು ಹೊತ್ತಿಗೆ ಮುಟ್ಟಿರಬೇಕು ಎನ್ನಿಸಿತು. ಒಂದಾದರೂ ಸರಿ ಹೇಳಬೇಕು, ಪೂರ್ತಿ ಹೋಗಿಲ್ಲ ಎಂದಾದರೂ ತಿಳಿಯಲಿ.

"ಹೂಂ" ಎಂದಳು.

ಬೆರಳುಗಳನ್ನು ಇನ್ನಷ್ಟು ಮುಂದೆ ಚಾಚಿದಳು.

"ಹೂಂ. ಇಲ್ಲಿ, ತೋರುಬೆರಳು."

"ಅಮ್ಮಾ" ಎಂದರು ಡಾಕ್ಟರು, ತುಂಬ ನಿಧಾನವಾಗಿ. "ನಾನು ಇನ್ನೂ ಮುಟ್ಟೇ ಇಲ್ಲ."

ಎಲ್ಲ ಒಪ್ಪಿಕೊಂಡ ಮೇಲೂ, ಯಾರೂ ಕೇಳದೆ, ಕಣ್ಣು ಮುಚ್ಚಿ ಕೂತು ಇನ್ನೊಂದು ಸುಳ್ಳು ಹೇಳಿದ್ದಳು. ಸುಟ್ಟ ಪಾದ ನೋಡಿದಾಗ ಬಾರದ ಅಳು ಈಗ ಬಂತು. ಮೂಗು ಸುರಿಸಿಕೊಂಡು, ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು. ಡಾಕ್ಟರು ಕಾದರು. ಆಮೇಲೆ ಮೊದಲಿನಿಂದ ಶುರುಮಾಡಿದರು. ಹತ್ತಿ, ಸೂಜಿಯ ತುದಿ, ಗುಂಯ್‌ಗುಡುವ ಒಂದು ಲೋಹದ ಕವಲುಕಡ್ಡಿ, ಅದರ ನಡುಕ ತಿಳಿಯುತ್ತದೆಯೇ ಎಂದು. ಅವಳು ಬಾಯಿ ಬಿಗಿಹಿಡಿದು ಕೂತಳು. ಮಣಿಕಟ್ಟು ದಾಟಿ ನಾಲ್ಕು ಬೆರಳು ಮೇಲೆ ಬಂದಾಗ ಮಾತ್ರ "ಹೂಂ" ಎಂದಳು. ಈ ಸಲ ಅದು ನಿಜ.

ಸಕ್ಕರೆ ಏರಿ ಏರಿ ನರದ ತುದಿ ಸವೆದಿವೆ, ಹೋದದ್ದು ಪೂರ್ತಿ ಮರಳುತ್ತದೆ ಎಂದು ಹೇಳಲಾರೆ, ಉಳಿದದ್ದನ್ನು ಉಳಿಸಿಕೊಳ್ಳೋಣ ಎಂದರು ಡಾಕ್ಟರು. ಮಾತ್ರೆ ಬಿಟ್ಟ ದಿನಗಳ ಲೆಕ್ಕ ಕೇಳಿದರು. ಹೇಳಿದಳು. ಕೆಲಸದಿಂದ ತೆಗೆಯಲಿಲ್ಲ. ಸ್ನಾನದ ಕೋಣೆಯಿಂದ ತೆಗೆದು ಬಟ್ಟೆ ಮಡಿಸುವ ಕಡೆ ಹಾಕಿದರು. ಅಂದಿನಿಂದ ಯಾರೂ ಅವಳನ್ನು ಹದದಕ್ಕ ಎಂದು ಕರೆಯಲಿಲ್ಲ. ಬೇಕೆಂದು ಬಿಟ್ಟರೋ, ಬಾಯಿಗೆ ಬರಲಿಲ್ಲವೋ. ಬರೀ ಅಕ್ಕ ಎಂದರು. ಬಾಯ್ಲರಿನವನು ಅದನ್ನೂ ಅನ್ನಲಿಲ್ಲ. ಬೆಳಗಿನ ಚಹಾವನ್ನು ಬಾಯ್ಲರ್ ಕೋಣೆಗೇ ತರಿಸಿಕೊಂಡು ಒಬ್ಬನೇ ಕುಡಿಯತೊಡಗಿದ. ಒಂದು ದಿನ ಅವಳು ಅಲ್ಲಿಗೇ ಹೋಗಿ ಬಾಗಿಲಲ್ಲಿ ನಿಂತಳು. ಅವನು ಪಾನಾ ತಿರುಗಿಸುತ್ತಲೇ ಇದ್ದ. ಬಹಳ ಹೊತ್ತು ನಿಂತು ಹಿಂದಿರುಗಿದಳು.

ಪೇಂಟರನ ಪಾದಕ್ಕೆ ಒಂದು ದಿನ ಬಿಟ್ಟು ಒಂದು ದಿನ ಪಟ್ಟಿ ಬದಲಿಸುತ್ತಿದ್ದರು. ಎರಡನೆಯ ವಾರ ಅವನು ಸಿಸ್ಟರಿಗೆ ಹೇಳಿ ಅವಳನ್ನು ಕರೆಸಿದ. ಅವಳು ಬಂದು ಹಾಸಿಗೆಯ ಕಾಲ್ದೆಸೆಯಲ್ಲಿ ನಿಂತಳು.

"ಕ್ಷಮಿಸಿದೀನಿ ಅಂದ್ಕೊಂಡು ಬಂದಿದ್ರೆ ವಾಪಸ್ಸು ಹೋಗು" ಎಂದ ಅವನು. "ಅದಕ್ಕಲ್ಲ ಕರೆದದ್ದು. ನನ್ನ ಅಂಗಾಲು ನನಗೆ ಕಾಣಲ್ಲ. ಸಿಸ್ಟರಿಗೆ ಬಿಡುವಿಲ್ಲ, ಕೇಳಿದ್ರೆ ಚೆನ್ನಾಗಿದೆ ಅಂತಾರೆ. ಚೆನ್ನಾಗಿದೆ ಅನ್ನೋದು ಬಣ್ಣ ಅಲ್ಲ. ನೀನು ಕೂತು ನೋಡಿ ಹೇಳು. ಕಣ್ಣಾದ್ರೂ ನೆಟ್ಟಗಿದೆ ತಾನೇ?"

"ಇದೆ. ಕನ್ನಡಕ ಬೇಕು."

"ಹಾಕ್ಕೋ ಮತ್ತೆ."

ಸಿಸ್ಟರ್ ಪಟ್ಟಿ ಬಿಚ್ಚಿದರು. ಅವಳು ಸ್ಟೂಲಿನ ಮೇಲೆ ಕೂತು, ನೋಡಬಾರದು ಎಂದು ಇಷ್ಟು ದಿನ ಕಣ್ಣು ತಪ್ಪಿಸಿದ್ದ ಜಾಗವನ್ನು ನೋಡಿದಳು.

"ಬಲಗಾಲು ವಾಸಿ. ಹಿಮ್ಮಡಿ ಹತ್ರ ತೆಳು ಕೆಂಪು."

"ಎಡಗಾಲು?"

"ಎಡಗಾಲೂ ಪರವಾಗಿಲ್ಲ."

"ಮತ್ತೆ ಶುರುಮಾಡಿದೆಯಾ?"

ಅವಳ ಕಿವಿ ಬಿಸಿಯಾದವು. "ಎಡಗಾಲಿಗೆ ಗಾಯ ಇದೆ" ಎಂದಳು. "ಹೆಬ್ಬೆರಳ ಬುಡದಲ್ಲಿ. ಎರಡು ಬೆರಳಗಲ."

"ಬಣ್ಣ?"

"ನಡುವೆ ಹಸಿ ಕೆಂಪು. ಅಂಚು ಹಳದಿ ಅಂದ್ಕೋತೀನಿ."

"ಅಂದ್ಕೋಬೇಡ" ಎಂದ ಪೇಂಟರ್. "ಹತ್ರ ಹೋಗಿ ನೋಡಿ ಹೇಳು."

ಅವಳು ಸ್ಟೂಲ್ ಮುಂದಕ್ಕೆ ಎಳೆದುಕೊಂಡು ಅವನ ಪಾದದ ಹತ್ತಿರಕ್ಕೆ ಮುಖ ಬಗ್ಗಿಸಿದಳು.